ಸರ್ವರಣ್ಣನಿಗೆ 58 ಯೂನಿಟ್, ಮನೆಮಂದಿಗೆ ಬೀಸಣಿಗೆ

ಕನ್ನಡ ನಾಡಿಗೆ ಸರ್ವರ್ ಪರಿಚಯವಾದದ್ದೇ ಅದು ಇಲ್ಲದಿರುವುದರಿಂದ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ‘ಸರ್ವರ್ ಇಲ್ಲ, ನಾಳೆ ಬನ್ನಿ’. ನಾಡಕಚೇರಿಯಲ್ಲಿ ‘ಸರ್ವರ್ ಡೌನು, ಊಟ ಆದ್ಮೇಲೆ ನೋಡಾಣ’. ಸರ್ಕಾರದ ಹತ್ತಿರವೇ ನೆಟ್ಟಗೆ ನಿಲ್ಲದ ಈ ವಸ್ತುವನ್ನು, ಅಂದರೆ ಹಗಲಿರುಳು ಕಡತ ಕಾಯುವ ಕಂಪ್ಯೂಟರನ್ನು, ಪ್ರಜೆಯೊಬ್ಬ ತನ್ನ ಮನೆಯಲ್ಲಿ, ಅದೂ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿಟ್ಟು, ಇಪ್ಪತ್ತನಾಲ್ಕು ಗಂಟೆ ಓಡಿಸುತ್ತೇನೆಂದು ಹೊರಟರೆ ಅದು ಉದ್ಧಟತನವಲ್ಲದೆ ಮತ್ತೇನು? ಶಿಕ್ಷೆ ಮೀಟರ್ ಬೋರ್ಡಿನಲ್ಲಿ ಕಾದಿರುತ್ತದೆ.

ಅಪರಾಧದ ಪ್ರಮಾಣ ಮೊದಲು ನೋಡೋಣ. ಮಗ ಬಿಟ್ಟುಹೋದ ಹಳೆ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿದಿರಿ ಎನ್ನಿ. ಫೋಟೊ, ಸಿನಿಮಾ, ಸಿಸಿಟಿವಿ ಎಲ್ಲ ಅದರಲ್ಲೇ. ಏನೂ ಕೆಲಸ ಮಾಡದೆ ಸುಮ್ಮನೆ ಕೂತಾಗಲೂ ಅಂಥದ್ದು 80 ವಾಟ್ ಎಳೆಯಬಹುದು. 80 ವಾಟ್, 24 ಗಂಟೆ, 30 ದಿನ: 57.6 ಯೂನಿಟ್. ಈಗ ಗೃಹಜ್ಯೋತಿಯ ಲೆಕ್ಕಕ್ಕೆ ಬನ್ನಿ. ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ ಸರ್ಕಾರ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಮೇಲೆ ಶೇ 10 ಕೊಸರು ಸೇರಿಸಿ, 58 ಯೂನಿಟ್ ಉಚಿತ ಕೊಡುತ್ತದೆ. ಅಂದರೆ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಡಬ್ಬಿ ಸರ್ಕಾರದ ಕಣ್ಣಲ್ಲಿ ಒಂದು ಪೂರ್ಣ ಕನ್ನಡ ಕುಟುಂಬ. ಅಜ್ಜಿ, ಮಿಕ್ಸಿ, ಟಿವಿ, ಇಸ್ತ್ರಿಪೆಟ್ಟಿಗೆ ಎಲ್ಲವೂ ಅದರೊಳಗೇ ಇವೆ. ನಿಜವಾದ ಅಜ್ಜಿಗೆ ಉಳಿಯುವುದು 0.4 ಯೂನಿಟ್.

ದಾಖಲೆ ಇದ್ದವರ ಕಥೆ ಇನ್ನೂ ಚೆಂದ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅದಕ್ಕೆ ಶೇ 10 ಸೇರಿಸಿದ್ದೇ ನಿಮ್ಮ ಹಕ್ಕು. 200 ಯೂನಿಟ್ ಮೇಲ್ಮಿತಿ. ಆ ವರ್ಷ ಎಲ್‌ಇಡಿ ಹಾಕಿ, ಗೀಸರ್ ಬಿಟ್ಟು ಸೋಲಾರ್ ಹಂಡೆಯಲ್ಲಿ ಮಿಂದು 60 ಯೂನಿಟ್‌ನಲ್ಲಿ ತಿಂಗಳು ದೂಡಿದ ಮಹಾನುಭಾವನಿಗೆ 66. ಬಚ್ಚಲಿನಲ್ಲಿ ಗೀಸರ್ ಉರಿಯಲು ಬಿಟ್ಟು ಪೇಪರ್ ಓದುತ್ತ ಕೂತು 190 ಮುಟ್ಟಿಸಿದವನಿಗೆ ಪೂರ್ತಿ 200. ಉಳಿತಾಯ ಮಾಡಿ ಎಂದು ಬಿಲ್ಲಿನ ಹಿಂದೆ ಮುದ್ರಿಸುವ ಇಲಾಖೆಯ ಮಾತನ್ನು ಅಕ್ಷರಶಃ ನಂಬಿದವನೇ ಮೊದಲು ಕೆಟ್ಟ. 2024ರ ಜನವರಿಯಲ್ಲಿ 48 ಯೂನಿಟ್‌ಗಿಂತ ಕಡಿಮೆ ಉರಿಸುವವರ ಮೇಲೆ ಕನಿಕರ ಹುಟ್ಟಿ, ಶೇ 10ರ ಬದಲು 10 ಯೂನಿಟ್ ಕೊಟ್ಟರು. ಒಂದು ಮಿನಿ ಪಿಸಿಗೆ ಸಾಕು. ದೊಡ್ಡ ಮನಸ್ಸು.

ಆದರೆ ಯೋಜನೆಯ ಗೋಪುರ ಕಳಶ ಇರುವುದು 201ನೇ ಯೂನಿಟ್‌ನಲ್ಲಿ. ಹಕ್ಕು ಮೀರಿ 200ರ ಒಳಗಿದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು; 200 ದಾಟಿದರೆ ಇಡೀ ಬಿಲ್ಲು. ಪೂರ್ತಿ 200ರ ಹಕ್ಕಿರುವ, 3 ಕಿಲೊವಾಟ್ ಮಂಜೂರಾತಿಯ ಮನೆಯೊಂದನ್ನು 2025-26ರ ದರದಲ್ಲಿ ನೋಡಿ: ಯೂನಿಟ್‌ಗೆ 5.80ರಂತೆ 1,165.80 ರೂಪಾಯಿ, ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿ ಬಾಬ್ತು 36 ಪೈಸೆಯಂತೆ 72.36, ಕಿಲೊವಾಟಿಗೆ 145ರಂತೆ ನಿಗದಿತ ಶುಲ್ಕ 435, ವಿದ್ಯುತ್ ದರದ ಮೇಲೆ ಶೇ 9 ತೆರಿಗೆ 105ರ ಆಸುಪಾಸು. ಒಟ್ಟು 1,780 ರೂಪಾಯಿಯ ಹತ್ತಿರ, ತಿಂಗಳು ತಿಂಗಳು ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕ ಬಿಟ್ಟು. ಇನ್ನೂರಕ್ಕೆ ಸೊನ್ನೆ, ಇನ್ನೂರೊಂದಕ್ಕೆ ಹದಿನೇಳುನೂರ ಎಂಬತ್ತು. ಚಿನ್ನವನ್ನು ಗ್ರಾಮಿನಲ್ಲಿ ತೂಗುವಂತೆ ಯೂನಿಟ್ ತೂಗಬೇಕಾದ ಕಾಲ.

ತೂಗಲು ತಕ್ಕಡಿ ಮೀಟರಿನಲ್ಲೇ ಇದೆ. ಮುಖದ ಮೇಲೆ ‘3200’ ಎಂದೋ ‘1600’ ಎಂದೋ ಬರೆದು, ಪಕ್ಕದಲ್ಲಿ ಕೆಂಪು ದೀಪ ಮಿಟುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಅಷ್ಟು ಮಿಟುಕು ಎಂದರ್ಥ. 3200ರ ಮೀಟರಾದರೆ 1125 ಅನ್ನು ಎರಡು ಮಿಟುಕಿನ ನಡುವಿನ ಸೆಕೆಂಡುಗಳಿಂದ ಭಾಗಿಸಿ, ಬಂದದ್ದು ವಾಟ್. ಫ್ರಿಜ್ಜಿನ ಪ್ಲಗ್ ಕಿತ್ತು, ಎಲ್ಲ ಸ್ವಿಚ್ಚು ಆರಿಸಿ, ಸರ್ವರ್ ಒಂದನ್ನೇ ಬಿಟ್ಟು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಲ್ಲಿ. 14 ಸೆಕೆಂಡಿಗೊಮ್ಮೆ ಮಿಟುಕಿದರೆ ಅದೇ ಆ 80 ವಾಟ್. ಆರು ಸೆಕೆಂಡಿಗೇ ಮಿಟುಕಿದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ‘ಸಾರ್, ಕಂಪನಿ ಮಾಲು, ಕೆಜಿ ಲೆಕ್ಕದಲ್ಲಿ ಕೊಡ್ತೀನಿ’ ಎಂದು ಕೊಟ್ಟ ಎರಡು ಜಿಯಾನ್ ಪ್ರೊಸೆಸರಿನ, ಕಚೇರಿಗಳ ರ‍್ಯಾಕ್ ಸರ್ವರ್ ಮನೆಗೆ ಬಂದಿದೆ ಎಂದು ತಿಳಿಯಿರಿ. 180 ವಾಟ್, ತಿಂಗಳಿಗೆ 130 ಯೂನಿಟ್. ಫ್ಯಾನಿನ ಸದ್ದು ಮಾತ್ರ ಪುಕ್ಕಟೆ.

ತೂಕ ಇಳಿಸುವ ಪಥ್ಯವೂ ಇದೆ. ಕೆಲಸವಿಲ್ಲದ ಗ್ರಾಫಿಕ್ಸ್ ಕಾರ್ಡ್ ಕೂತಲ್ಲೇ 10ರಿಂದ 20 ವಾಟ್ ತಿನ್ನುತ್ತದೆ, ಕಿತ್ತುಹಾಕಿ. ತಿರುಗುವ ದೊಡ್ಡ ಹಾರ್ಡ್‌ಡಿಸ್ಕ್ ಒಂದೊಂದಕ್ಕೆ 5ರಿಂದ 8 ವಾಟ್. ಒಂದೊಂದು ಟಿಬಿಯ ನಾಲ್ಕಿದ್ದರೆ ನಾಲ್ಕು ಟಿಬಿಯ ಒಂದಕ್ಕೆ ಇಳಿಸಿ, ಬ್ಯಾಕಪ್ಪಿನ ಡಿಸ್ಕನ್ನು ಬೇಕಾದಾಗ ಮಾತ್ರ ಸಿಕ್ಕಿಸಿ. ಹೆಚ್ಚಿನ ಡಿಸ್ಕ್ ಜೋಡಿಸಲು ಅಗ್ಗದ ಸಾಟಾ ಕಾರ್ಡ್ ಹಾಕಿದ್ದರೆ ಪ್ರೊಸೆಸರ್ ಗಾಢ ನಿದ್ದೆಗೆ ಜಾರದೆಯೂ ಇರಬಹುದು. ಲಿನಕ್ಸಿನಲ್ಲಿ ಪವರ್‌ಟಾಪ್ ಎಂಬ ತಂತ್ರಾಂಶ ತೆರೆದರೆ ಯಾವ ಹಂತದ ನಿದ್ದೆಯಲ್ಲಿ ಎಷ್ಟು ಹೊತ್ತು ಇತ್ತೆಂಬುದು ಕಾಣುತ್ತದೆ. ಎಲ್ಲಕ್ಕಿಂತ ಸುಲಭ, ಪರದೆ ಒಡೆದ ಹಳೆ ಲ್ಯಾಪ್‌ಟಾಪ್: 10ರಿಂದ 15 ವಾಟ್, ತಿಂಗಳಿಗೆ ಹೆಚ್ಚೆಂದರೆ 11 ಯೂನಿಟ್. ಬ್ಯಾಟರಿ ಉಬ್ಬಿದ್ದರೆ ತೆಗೆದುಬಿಡಿ, ಚೆನ್ನಾಗಿದ್ದರೆ ಅದೇ ಯುಪಿಎಸ್. ಮನೆಯ ಯುಪಿಎಸ್ ನೆಚ್ಚುವವರು ಅದರ ಬೆನ್ನಿನ ಸ್ವಿಚ್ಚು ನೋಡಿಕೊಳ್ಳಿ. ಇಕೊ ಮೋಡಿನಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಡೆಸ್ಕ್‌ಟಾಪ್ ಸತ್ತು ಹುಟ್ಟಿರುತ್ತದೆ. ಯುಪಿಎಸ್ ಮೋಡ್, ಸೈನ್ ವೇವ್ (ಕಂಬದ ಕರೆಂಟಿನಂಥದ್ದೇ ನಯವಾದ ಅಲೆ) ಎರಡೂ ಬೇಕು.

ಇನ್ನು ಸೆಕೆ. ಸರ್ವರ್ ತಿಂದ ಪ್ರತಿ ವಾಟೂ ಬಿಸಿಯಾಗಿ ಕೋಣೆಗೇ ಬರುತ್ತದೆ. 180 ವಾಟ್ ಎಂದರೆ ಹೊರಡುವ ಮಾತೇ ಎತ್ತದ ಇಬ್ಬರು ನೆಂಟರು ರಾತ್ರಿಯಿಡೀ ಮಂಚದ ಬುಡದಲ್ಲಿ ಕೂತ ಹಾಗೆ. ಅವರ ಬಿಸಿಯನ್ನು ಹೊರಗೆ ಹಾಕಲು ಎಸಿ ಇನ್ನೊಂದು ನಲವತ್ತೈವತ್ತು ವಾಟ್ ತಿನ್ನುತ್ತದೆ. ಎಸಿಯ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ 800 ಯೂನಿಟ್ ಎಂದಿದ್ದರೆ ಅದು 1,600 ಗಂಟೆಯ ಲೆಕ್ಕ, ಗಂಟೆಗೆ ಅರ್ಧ ಯೂನಿಟ್. ರಾತ್ರಿ ಆರು ಗಂಟೆ ಹಾಕಿದರೆ ತಿಂಗಳಿಗೆ 90. ಅದು ಬಗೆಬಗೆಯ ಹವೆಯ ಸರಾಸರಿ. ಮೇ ತಿಂಗಳ ಕಲಬುರಗಿ ಆ ಚೀಟಿ ಓದಿಕೊಂಡು ಕಾಯುವುದಿಲ್ಲ. ಅಲ್ಲಿ ಒಣ ಹವೆಗೆ ಕೂಲರೇ ಸರಿ, 180 ವಾಟಿನಲ್ಲಿ ಮುಗಿಯುತ್ತದೆ, ಎದುರು ಕಿಟಕಿ ತೆರೆದಿರಬೇಕಷ್ಟೆ. ಮುಚ್ಚಿದರೆ ಕೋಣೆ ಇಡ್ಲಿ ಪಾತ್ರೆ. ಸರ್ವರನ್ನು ಮಾತ್ರ ಕೂಲರಿನ ಗಾಳಿಗೆ ಒಡ್ಡಬೇಡಿ, ತೇವಕ್ಕೆ ಕನೆಕ್ಟರುಗಳು ಹಸಿರು ಹಿಡಿಯುತ್ತವೆ. ಮಂಗಳೂರಿನವರು ಕೂಲರ್ ಕೊಂಡರೆ ಬೆವರಿಗೆ ನೀರು ಬೆರೆಸಿಕೊಂಡ ಹಾಗೆ.

ಕೇಂದ್ರ ಸರ್ಕಾರವೂ ಸುಮ್ಮನೆ ಕೂತಿಲ್ಲ. 2020ರಿಂದ ಹೊಸ ಎಸಿಗಳು 24 ಡಿಗ್ರಿಯಲ್ಲೇ ಕಣ್ಣು ಬಿಡಬೇಕು ಎಂದಾಯಿತು. 2025ರ ಜೂನ್‌ನಲ್ಲಿ ಇನ್ನು 20ಕ್ಕಿಂತ ಕೆಳಗೆ, 28ಕ್ಕಿಂತ ಮೇಲೆ ಹೋಗದಂತೆ ಮಾಡುತ್ತೇವೆ ಎಂಬ ಘೋಷಣೆ ಬಂತು. ಘೋಷಣೆ ಒಪ್ಪತಕ್ಕದ್ದೇ, ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿಯುತ್ತದೆ. ಮೇ ತಿಂಗಳಲ್ಲಿ ಕೋಟು ತೊಟ್ಟು ಸಭೆ ನಡೆಸುವವರು ಕೋಟಿಗೆ ಯಾವ ಮಿತಿ ಹಾಕಿಕೊಂಡರೋ ತಿಳಿಯಲಿಲ್ಲ.

ಹೀಗಾಗಿ ಮೀಟರ್ ರೀಡರ್ ಬರಲು ನಾಲ್ಕು ದಿನ ಇರುವಾಗ ಡಿಸ್‌ಪ್ಲೇಯ ಅಂಕಿಯಲ್ಲಿ ಹಿಂದಿನ ರೀಡಿಂಗ್ ಕಳೆದು 196 ಬಂದರೆ ಮನೆಯಲ್ಲಿ ತುರ್ತುಸ್ಥಿತಿ. ಎಸಿ ಬಂದ್, ಗೀಸರ್ ಬಂದ್, ಅಜ್ಜಿಯ ಧಾರಾವಾಹಿ ಮೊಬೈಲಿಗೆ ವರ್ಗ. ಲ್ಯಾಪ್‌ಟಾಪ್ ಸರ್ವರ್ ಮಾತ್ರ ಬಂದ್ ಮಾಡುವ ಹಾಗಿಲ್ಲ, ಸಿಸಿಟಿವಿ ಇದೆ. ಸಂಜೆ ತಾರಸಿಗೆ ನೀರು ಎರಚಬೇಕು, ಇಲ್ಲದಿದ್ದರೆ ಆರ್‌ಸಿಸಿ ನಡುರಾತ್ರಿಯವರೆಗೂ ಕಾವು ಕಾರುತ್ತದೆ. ಆ ನೀರಿಗೆ ಒಂದು ಹಾರ್ಸ್‌ಪವರ್ ಮೋಟರ್ ಹತ್ತು ನಿಮಿಷ, ಹೋಯಿತು 0.15 ಯೂನಿಟ್. ಆಮೇಲೆ ಚಾಪೆ, ದಿಂಬು, ಸೊಳ್ಳೆಬತ್ತಿ ಹಿಡಿದು ಎಲ್ಲರೂ ಮೇಲಕ್ಕೆ. ಕೆಳಗೆ ಸರ್ವರ್ ಖಾಲಿ ಹಾಲ್ ಅನ್ನು ಬೆಳಗಿನವರೆಗೂ ರೆಕಾರ್ಡ್ ಮಾಡುತ್ತದೆ.