ಮಡಿಕೇರಿಯ ಬಿಲ್ಲು, ಬನಶಂಕರಿಯ ರೊಟ್ಟಿ

ಆಗಸ್ಟ್ ಹದಿನೈದರ ಲಾಂಗ್ ವೀಕೆಂಡಿನಲ್ಲಿ ಮಡಿಕೇರಿಗೆ ಹೋಗಿ ಬಂದು, ಕ್ರೆಡಿಟ್ ಕಾರ್ಡ್ ಬಿಲ್ಲು ನೋಡಿದ ಮೇಲೆ ಎರಡು ದಿನ ನಾನು ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. ಅಬ್ಬಿ ಜಲಪಾತ ನೋಡಿದ್ದು ಹತ್ತು ನಿಮಿಷ, ಕಾರು ನಿಲ್ಲಿಸೋಕೆ ಜಾಗ ಹುಡುಕಿದ್ದು ಒಂದು ಗಂಟೆ. "ಮಂಗಳವಾರ ಬಂದಿದ್ರೆ ಇದೇ ರೂಮು ಅರ್ಧ ರೇಟಿಗೆ ಸಿಕ್ತಿತ್ತು ಸರ್" ಅಂತ ರಿಸೆಪ್ಷನ್ ಹುಡುಗ ಬೇರೆ ಉಪ್ಪು ಸವರಿದ.

ಪ್ರವಾಸದಲ್ಲಿ ದುಡ್ಡು ಉಳಿಸೋದು ಹೇಗೆ ಅಂತ ರೀಲ್ಸ್‌ನಲ್ಲಿ ದಿನಾ ಉಪದೇಶ ಬರುತ್ತೆ. ರೂಮಿನಲ್ಲೇ ಮ್ಯಾಗಿ ಮಾಡಿ, ಒಂದು ಊಟ ಇಬ್ಬರು ಹಂಚಿಕೊಳ್ಳಿ, ಎಳನೀರಿಗೂ ಚೌಕಾಸಿ ಮಾಡಿ. ಹೊಟ್ಟೆ ಕಟ್ಟಿ ಉಳಿಸಿದ ನೂರು ರೂಪಾಯಿಂದ ಏನೂ ಆಗಲ್ಲ ಕಣ್ರೀ. ದುಡ್ಡು ಸೋರೋದು ಎಲ್ಲರೂ ಹೋಗೋ ದಿನ, ಎಲ್ಲರೂ ಹೋಗೋ ಊರಿಗೆ, ಸ್ವಂತ ಕಾರಲ್ಲಿ ಹೋದಾಗ.

ಹಾಗಾಗಿ ದಸರಾ ರಜೆಯಲ್ಲಿ, ಹಬ್ಬದ ಗದ್ದಲ ಮುಗಿದ ಮೇಲೆ, ವಾರದ ಮಧ್ಯೆ ಬಾದಾಮಿಗೆ ಹೊರಟೆವು. ನಾನು, ಹೆಂಡತಿ, ಅಮ್ಮ, ಹದಿಮೂರರ ಮಗಳು. ಬೆಂಗಳೂರಿನಲ್ಲಿ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಬಾದಾಮಿ. ಒಂದು ರಾತ್ರಿಯ ರೂಮು ಬಾಡಿಗೆ ಅಲ್ಲೇ ಉಳೀತು. ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತೆ (2024ರ ನವೆಂಬರ್‌ವರೆಗೆ 120 ದಿನ ಇತ್ತು), ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂತಿದ್ದೆ. ಹಿರಿಯರಿಗಿದ್ದ ರಿಯಾಯಿತಿಯನ್ನು ರೈಲ್ವೆ 2020ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಅಮ್ಮ ಮಾತ್ರ ಈಗಲೂ ಟಿಕೆಟ್ ಮಾಡಿಸುವಾಗಲೆಲ್ಲ "ನಂಗೆ ಅರ್ಧ ಅಲ್ವೇನೋ?" ಅಂತಾರೆ. ಅಲ್ಲಮ್ಮ.

ಆದರೆ ಬಸ್ಸಿನಲ್ಲಿ ಅಮ್ಮನದೇ ರಾಜ್ಯಭಾರ. ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ಮನೆಯ ಮೂವರಿಗೂ ಫ್ರೀ. ಟಿಕೆಟ್ ತಗೊಂಡಿದ್ದು ನಾನೊಬ್ಬನೇ. ಬಾದಾಮಿ ಗುಹೆಗಳಿಗೆ ತಲೆಗೆ 25, ಪಟ್ಟದಕಲ್ಲಿಗೆ 40 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಮೂರನೇ ಗುಹೆಯ ಮುಂದೆ ನಿಂತು "ಇದು 578ನೇ ಇಸವೀದು" ಅಂತ ಮಗಳಿಗೆ ಹೇಳ್ತಿದ್ದೆ, ಅಷ್ಟರಲ್ಲಿ ಕೋತಿಯೊಂದು ಬಿಸ್ಕೆಟ್ ಪೊಟ್ಟಣ ಕಿತ್ಕೊಂಡು ಹೋಯ್ತು. ಇಡೀ ಪ್ರವಾಸದಲ್ಲಿ ನಾವು ಸುಲಿಗೆಗೆ ಒಳಗಾಗಿದ್ದು ಅಷ್ಟೇ.

ಜುಗ್ಗತನ ಮಾಡಿ ಕೆಟ್ಟಿದ್ದೂ ಹೇಳ್ಬೇಕು. ಪಟ್ಟದಕಲ್ಲಿನಿಂದ ಐಹೊಳೆಗೆ ಹದಿಮೂರು ಕಿಲೋಮೀಟರು. ಆಟೋದವರು ಕೇಳಿದ್ದು ಜಾಸ್ತಿ ಅನ್ನಿಸ್ತು, ಬಸ್ಸು ಬರುತ್ತೆ ಬಿಡು ಅಂದೆ. ಒಂದೂವರೆ ಗಂಟೆ ಬರಲೇ ಇಲ್ಲ. ಅಮ್ಮ ಸೆರಗು ತಲೆ ಮೇಲೆ ಹಾಕ್ಕೊಂಡು ಕಲ್ಲಿನ ಮೇಲೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೊನೆಗೆ ಅದೇ ಆಟೋ, ಅದೇ ರೇಟು.

ಗೈಡ್ ವಿಷಯದಲ್ಲಿ ಮಾತ್ರ ಪುಣ್ಯಕ್ಕೆ ಹಾಗೆ ಮಾಡಲಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಗೆದ್ದವನು ಅಲ್ಲಿನ ದೇವಸ್ಥಾನದ ಸಂಪತ್ತನ್ನು ಹೊತ್ತು ತರದೆ ದೇವರಿಗೇ ಬಿಟ್ಟುಕೊಟ್ಟನಂತೆ, ಹಾಗಂತ ಕಂಚಿಯ ಕೈಲಾಸನಾಥ ಗುಡಿಯಲ್ಲಿ ಕನ್ನಡದಲ್ಲೇ ಶಾಸನ ಇದೆ. ಗೈಡ್ ಇಲ್ಲದಿದ್ದರೆ ನಾವು ಕಂಬದ ಮುಂದೆ ಸೆಲ್ಫಿ ತಗೊಂಡು ಬರ್ತಿದ್ದೆವು.

ಊಟ ಅಂದ್ರೆ ಬನಶಂಕರಿ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿರೋ ಅಜ್ಜಿಯರ ಹತ್ತಿರ ಖಡಕ್ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಗಡಿಗೆಯ ಗಟ್ಟಿ ಮೊಸರು. ನಾನು ಎರಡು ರೊಟ್ಟಿಗೆ ಸಾಕು ಅಂದೆ. "ಯಾಕ್ರೀ, ಬಸ್ ಹೊಂಟೈತೇನು? ಉಣ್ರಿ" ಅಂತ ಅಜ್ಜಿ ಮೂರನೆಯದು ಹಾಕೇಬಿಟ್ಟರು. ಅದರ ಮೇಲೆ ಬೆರಳಲ್ಲಿ ಒತ್ತಿದ ಚಟ್ನಿ, ನಡುವೆ ಗುಳಿ ಮಾಡಿ ಶೇಂಗಾ ಎಣ್ಣೆ. ನಾಲ್ಕು ಜನ ಹೊಟ್ಟೆ ಬಿರಿಯೆ ಉಂಡಿದ್ದಕ್ಕೆ ಕೊಟ್ಟಿದ್ದು ಮಡಿಕೇರಿಯ ಹೋಟೆಲಿನಲ್ಲಿ ಎರಡು ಕಾಫಿಗೆ ಕೊಟ್ಟಷ್ಟು. ಅಮ್ಮ ಮೇಲೆ ಇಪ್ಪತ್ತು ರೂಪಾಯಿ ಇಟ್ಟರೆ ಅಜ್ಜಿ ಅದಕ್ಕೂ ರೊಟ್ಟಿ ಕಟ್ಟಿಕೊಟ್ಟರು.

ಮೂರು ದಿನದ ಒಟ್ಟು ಖರ್ಚು ಮಡಿಕೇರಿಯ ಕಾಲು ಭಾಗ.

ಈಗ ಅಮ್ಮನಿಗೆ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಹೋಗಬೇಕಂತೆ. ಆಗ ಕಾಲಿಡೋಕೂ ಜಾಗ ಇರಲ್ಲಮ್ಮ, ರೂಮು ಸಿಗಲ್ಲ, ಸಿಕ್ಕರೂ ಡಬಲ್ ರೇಟು, ನಾನು ಇಷ್ಟೊತ್ತು ಬರೆದಿದ್ದೇ ಅದು ಅಂದೆ.

"ಬಸ್ ಟಿಕೆಟ್ ನಿಂಗೊಬ್ಬನಿಗೆ ತಾನೇ. ಬೇಕಾದ್ರೆ ನೀನು ಮನೇಲಿರು" ಅಂದರು.