ಕತ್ತರಿ ಚಿಕ್ಕದಾಗಲಿ

ಬಳ್ಳಾರಿಯ ನಮ್ಮ ಮನೆಯಲ್ಲಿ ತಂಗಿಯ ಮಗ ನೆಲದಿಂದ ಏಳುವುದನ್ನು ನಾನು ದಿನವೂ ನೋಡುತ್ತೇನೆ. ಮೊದಲು ಎರಡೂ ಅಂಗೈಗಳನ್ನು ಕಡಪ ಕಲ್ಲಿನ ಮೇಲೆ ಊರುತ್ತಾನೆ. ಆಮೇಲೆ ಮೊಣಕಾಲು ಹಿಡಿದು, ತೊಡೆ ಹಿಡಿದು, ತನ್ನ ಮೈಯನ್ನೇ ತಾನು ಹತ್ತುವವನಂತೆ ಮೇಲೇಳುತ್ತಾನೆ. ನಾನು ಕೈ ಚಾಚಿದರೆ "ಬ್ಯಾಡ ಮಾಮ, ನಾನಾ ಏಳ್ತೀನಿ" ಎನ್ನುತ್ತಾನೆ. ಅವನಿಗೆ 9 ವರ್ಷ. ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟು ಬರುವ ಡುಶೆನ್ ಸ್ನಾಯುಕ್ಷಯ ಅವನ ಕಾಯಿಲೆ.

ಕುಡಗೋಲು ಕಣ ರೋಗ (ಸಿಕಲ್ ಸೆಲ್) ಎಂಬ ರಕ್ತದ ಕಾಯಿಲೆಗೆ ಜೀನ್ ತಿದ್ದುವ ಚಿಕಿತ್ಸೆಯನ್ನು ಬ್ರಿಟನ್ ಮತ್ತು ಅಮೆರಿಕಗಳು 2023ರಲ್ಲಿ ಒಪ್ಪಿದಾಗ ನೆಂಟರೆಲ್ಲ ಆ ಸುದ್ದಿಯನ್ನು ನನಗೆ ಕಳುಹಿಸಿದರು. ಆದರೆ ಅಲ್ಲಿ ರಕ್ತದ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಕಾಲಿನ, ಎದೆಯ, ಹೃದಯದ ಸ್ನಾಯುಗಳನ್ನು ಹಾಗೆ ಹೊರತೆಗೆಯಲು ಬರುವುದಿಲ್ಲ. ಜೀನನ್ನು ಕತ್ತರಿಸಿ ತಿದ್ದುವ ಪ್ರೋಟೀನು, ಅಂದರೆ ಕತ್ತರಿಯೇ, ಅವು ಇದ್ದಲ್ಲಿಗೆ ಹೋಗಬೇಕು. ಅದನ್ನು ಹೊತ್ತೊಯ್ಯಲು ಹೆಚ್ಚಾಗಿ ಬಳಸುವ ಎಎವಿ ವೈರಸ್ಸಿನ ಕವಚದಲ್ಲಿ ಸುಮಾರು 4,700 ಡಿಎನ್‌ಎ ಅಕ್ಷರಗಳಷ್ಟೇ ಹಿಡಿಯುತ್ತವೆ. ಇಂಥ ಕತ್ತರಿಗಳಲ್ಲಿ ಹೆಸರಾದ ಕ್ಯಾಸ್9 ಪ್ರೋಟೀನಿನಲ್ಲಿ 1,368 ಅಮೈನೊ ಆಮ್ಲಗಳಿರುವುದರಿಂದ, ಒಂದೊಂದಕ್ಕೆ ಮೂರು ಅಕ್ಷರದಂತೆ, ಅದೊಂದಕ್ಕೇ ಸುಮಾರು 4,100 ಅಕ್ಷರ ಬೇಕು. ಅದಕ್ಕೆ ದಾರಿ ತೋರುವ ಆರ್‌ಎನ್‌ಎ ಮತ್ತು ಅದನ್ನು ಚಾಲೂ ಮಾಡುವ ಭಾಗಗಳಿಗೆ ಜಾಗ ಸಾಲದೆ, ಸರಕನ್ನು ಎರಡು ವೈರಸ್ಸುಗಳಿಗೆ ಹಂಚಬೇಕಾಗುತ್ತದೆ. ಎರಡೂ ಒಂದೇ ಕೋಶವನ್ನು ಸೇರಬೇಕಾದರೆ ವೈರಸ್ಸಿನ ಪ್ರಮಾಣ ಏರಿಸಬೇಕು. ಎಎವಿಯನ್ನು ಅತಿ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಇದೇ ಕಾಯಿಲೆಯ ರೋಗಿಗಳೂ ತೀರಿಕೊಂಡಿದ್ದಾರೆ.

ಆದ್ದರಿಂದ ಕತ್ತರಿ ಎಷ್ಟು ಹರಿತ ಎನ್ನುವುದಕ್ಕಿಂತ ಮೊದಲು ಎಷ್ಟು ಚಿಕ್ಕದು ಎಂದು ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕ್ಯಾಸ್12ಎಫ್ ಎಂಬ ಪುಟ್ಟ ಪ್ರೋಟೀನು ಸೂಕ್ಷ್ಮಜೀವಿಗಳಲ್ಲಿ ಸಿಕ್ಕಿದ್ದ ರೂಪದಲ್ಲಿ ಮನುಷ್ಯರ ಕೋಶದೊಳಗೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಸ್ಟ್ಯಾನ್‌ಫೋರ್ಡ್‌ನ ಸ್ಟ್ಯಾನ್ಲಿ ಚೀ ಅವರ ತಂಡ ಅದರ ಕೆಲವು ಅಮೈನೊ ಆಮ್ಲಗಳನ್ನು ಬದಲಿಸಿ, ಜೊತೆಯ ಆರ್‌ಎನ್‌ಎಯನ್ನೂ ಹೊಸದಾಗಿ ರೂಪಿಸಿ, 2021ರಲ್ಲಿ 529 ಅಮೈನೊ ಆಮ್ಲಗಳ ಕ್ಯಾಸ್‌ಮಿನಿಯನ್ನು ಮುಂದಿಟ್ಟಿತು. ಅದಕ್ಕೆ 1,600 ಅಕ್ಷರಗಳೂ ಬೇಡ. ಡಿಎನ್‌ಎ ಕತ್ತರಿಸುವ ಇನ್ನೊಂದು ಪ್ರೋಟೀನು, ಸುಮಾರು 400 ಅಮೈನೊ ಆಮ್ಲಗಳ ಟಿಎನ್‌ಪಿಬಿ ಇನ್ನೂ ಚಿಕ್ಕದು.

ಟಿಎನ್‌ಪಿಬಿಯಿಂದ ಭತ್ತದ ಜೀನ್‌ಗಳನ್ನು ತಿದ್ದುವ ಕೆಲಸ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಆಗಲೇ ನಡೆದಿದೆ. ಗಂಗಾವತಿ, ಸಿಂಧನೂರಿನ ರೈತರಿಗೆ ಮುಂದೆ ಅದರಿಂದ ಒಳ್ಳೆಯದಾದರೆ ನನಗೂ ಸಂತೋಷವೇ. ಆದರೆ ಈ ಪುಟ್ಟ ಕತ್ತರಿಗಳನ್ನು ಸ್ನಾಯುಕೋಶಗಳಿಗೆ ಹೊಂದಿಸಿ, ಬೇಡದ ಕಡೆ ಕತ್ತರಿಸದಂತೆ ಪಳಗಿಸುವ ಕೆಲಸಕ್ಕೂ ಸರ್ಕಾರ ವರ್ಷಗಟ್ಟಲೆ ನಿಲ್ಲುವಂತಹ ಹಣ ಕೊಡಬೇಕು, ಅದೂ ಈಗಲೇ. ಈ ಕಾಯಿಲೆಯ ಹುಡುಗರಲ್ಲಿ ಹೆಚ್ಚಿನವರ ನಡಿಗೆ 12ರ ಆಸುಪಾಸಿನಲ್ಲಿ ನಿಂತುಹೋಗುತ್ತದೆ. ನಮ್ಮ ಹುಡುಗ ಇಂದು ಸಂಜೆಯೂ ಗೋಡೆ ಹಿಡಿಯದೆ ಗೇಟಿನವರೆಗೆ ನಡೆದು ಹೋಗಿ ಬಂದ.