ಪೋಸ್ಟರ್ ಎಂದರೆ ಗೋಡೆಗೆ ಅಂಟಿಸಿದ ಪ್ರಬಂಧವಲ್ಲ ಸ್ವಾಮಿ

ಸಂಶೋಧನೆಯ ಸಾರವನ್ನು ಒಂದೇ ದೊಡ್ಡ ಹಾಳೆಯಲ್ಲಿ ಮುದ್ರಿಸಿ ವಿಜ್ಞಾನ ಸಮ್ಮೇಳನದಲ್ಲಿ ತೂಗುಹಾಕುವ ಪೋಸ್ಟರನ್ನು ಕಿರಿಯ ಸಂಶೋಧಕರ ತಲೆಗೆ ಕಟ್ಟಿ, ಮುದ್ರಣಕ್ಕೆ ಹೋಗುವ ಹಿಂದಿನ ಸಂಜೆ ಅದರ ಪ್ರತಿ ಸಾಲಿನಲ್ಲೂ ಕೈಯಾಡಿಸುವ ಹಿರಿಯರ ಬಗ್ಗೆ ಬರೆಯದಿದ್ದರೆ ನನ್ನ ಸಿಟ್ಟು ಇಳಿಯುವಂತಿಲ್ಲ.

ನಾನು ಕೊಡಗಿನಲ್ಲಿ ಕಾಫಿ ಬೆಳೆಯ ಕೀಟಗಳ ಮೇಲೆ ಕೆಲಸ ಮಾಡುವವಳು. ಈ ಬಾರಿಯ ವಿಷಯ ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕ, ಅಂದರೆ ಮರಿಹುಳವಾಗಿದ್ದಾಗ ಕಾಂಡದ ಒಳಗೆ ಕೊರೆದು ತಿನ್ನುವ ಒಂದು ದುಂಬಿ. ಹೇಳಬೇಕಾದ ಮಾತು ಚಿಕ್ಕದು. ನೆರಳು ತೆಳುವಾಗಿ ಕಾಂಡಕ್ಕೆ ನೇರ ಬಿಸಿಲು ಬೀಳುವ ಕಡೆ ಹಾವಳಿ ಹೆಚ್ಚು. ದುಂಬಿಗಳು ಹೊರಬಂದು ಹಾರಾಡುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಅವಧಿಗೆ ಮೊದಲೇ ಕೊರಕ ಹೊಕ್ಕ ಗಿಡಗಳನ್ನು ಪತ್ತೆ ಹಚ್ಚಿ, ಕಿತ್ತು ಸುಡಬೇಕು. ನನ್ನ ಕರಡಿನಲ್ಲಿ ಇದೇ ಮಾತು ನಟ್ಟನಡುವೆ ದಪ್ಪ ಅಕ್ಷರಗಳಲ್ಲಿತ್ತು, ಎಡಕ್ಕೆ ಒಂದೇ ಗ್ರಾಫ್, ಬಲಕ್ಕೆ ಕಾಂಡದ ಒಂದು ಫೋಟೋ, ಉಳಿದದ್ದು ಖಾಲಿ ಜಾಗ. 2019ರಲ್ಲಿ ಅಮೆರಿಕದ ಮೈಕ್ ಮಾರಿಸನ್ ಎಂಬ ಸಂಶೋಧನಾ ವಿದ್ಯಾರ್ಥಿ, ಮುಖ್ಯ ಫಲಿತಾಂಶವನ್ನು ನಡುವೆ ದೊಡ್ಡದಾಗಿ ಬರೆದು ವಿವರಗಳನ್ನು ಬದಿಗೆ ಸರಿಸಬೇಕೆಂದು ವಾದಿಸಿದ ಮೇಲೆ ಎಷ್ಟೋ ಕಡೆ ಈ ಪದ್ಧತಿ ಬಳಕೆಗೆ ಬಂದಿದೆ. ನಮ್ಮ ಹಿರಿಯರು ಮಾತ್ರ ಅದನ್ನು ನೋಡಿ, "ಇದೇನಮ್ಮ, ಗೊಬ್ಬರದಂಗಡಿಯ ಜಾಹೀರಾತಿನ ಹಾಗಿದೆ" ಎಂದರು.

ಅಲ್ಲಿಂದ ತುರುಕಾಟ ಶುರುವಾಯಿತು. ಖಾಲಿ ಜಾಗ ಕಂಡರೆ ಇವರಿಗೆ ಯಾಕೆ ಅಷ್ಟು ಸಂಕಟವೋ ತಿಳಿಯದು. ಪೀಠಿಕೆ ಪೂರ್ತಿ ಬರಬೇಕು, ವಿಧಾನವೂ ಪೂರ್ತಿ ಬರಬೇಕು, ಕೋಷ್ಟಕಗಳಲ್ಲಿ ಒಂದನ್ನೂ ಬಿಡುವಂತಿಲ್ಲ, ಶೀರ್ಷಿಕೆಯಲ್ಲಿ ಕೀಟದ ಲ್ಯಾಟಿನ್ ಹೆಸರು ಇರಲೇಬೇಕು, ತಲೆಯ ಮೇಲೆ ಎಲ್ಲ ಸಂಸ್ಥೆಗಳ ಲಾಂಛನಗಳು ಸಾಲುಗಟ್ಟಬೇಕು. ಎ0 ಹಾಳೆಯ ಅಳತೆ 841 × 1189 ಮಿ.ಮೀ.; ಅದು ರಬ್ಬರಲ್ಲ, ಎಳೆದಷ್ಟೂ ಹಿಗ್ಗುವುದಿಲ್ಲ. ಒಂದೂವರೆ ಮೀಟರ್ ದೂರದಲ್ಲಿ ನಿಂತವರು ಓದಬೇಕಾದರೆ ಒಡಲಿನ ಅಕ್ಷರ 24 ಪಾಯಿಂಟಿಗಿಂತ ಕಡಿಮೆ ಇರಬಾರದೆಂದು ಹೇಳಿದರೂ ಕೇಳಲಿಲ್ಲ, ಕೊನೆಗೆ ಅದು 14ಕ್ಕೆ ಇಳಿಯಿತು. ಗ್ರಾಫಿನ ಗೆರೆಗಳಿಗೆ ನಾನು ಕೊಟ್ಟಿದ್ದ ನೀಲಿ ಮತ್ತು ಕಿತ್ತಳೆಯನ್ನು ತೆಗೆದು ಕೆಂಪು ಮತ್ತು ಹಸಿರು ಹಾಕಿಸಿದರು, "ಕಾಫಿ ಹಣ್ಣಿನ ಬಣ್ಣ" ಎಂಬ ಸಮರ್ಥನೆಯೊಂದಿಗೆ. ಗಂಡಸರಲ್ಲಿ ಸುಮಾರು ನೂರಕ್ಕೆ ಎಂಟು ಮಂದಿಗೆ ಈ ಎರಡು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣದು ಎಂಬ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಫೋಟೋದ ಗತಿಯಂತೂ ಹೇಳತೀರದು. ಮರಿಹುಳ ಒಳಗೆ ಕೊರೆಯುತ್ತ ಸಾಗಿದಂತೆ ಕಾಂಡದ ತೊಗಟೆಯ ಮೇಲೆ ಉಬ್ಬು ಗೆರೆಗಳು ಏಳುತ್ತವೆ. ಬಾಧಿತ ಗಿಡವನ್ನು ಗುರುತಿಸಲು ತೋಟದ ಆಳುಗಳು ಬೆರಳಾಡಿಸಿ ನೋಡುವುದು ಅದನ್ನೇ. ನಾನು ಕ್ಯಾಮೆರಾದಲ್ಲಿ ತೆಗೆದಿದ್ದ ಚಿತ್ರದ ಬದಲು, ತಮ್ಮ ಪರಿಚಯದವರು ವಾಟ್ಸ್ಯಾಪಿನಲ್ಲಿ ಕಳುಹಿಸಿದ್ದನ್ನು ಹಾಕಲು ಅಪ್ಪಣೆಯಾಯಿತು. ಮಡಿಕೇರಿಯ ಮುದ್ರಣದಂಗಡಿಯ ಹುಡುಗ ಪರದೆಯಲ್ಲಿ ನೋಡಿದವನೇ, "ಅಕ್ಕಾ, ದೊಡ್ಡದು ಮಾಡಿದರೆ ಒಡೆಯುತ್ತದೆ" ಎಂದ. ಹಾಗೇ ಆಯಿತು. ಉಬ್ಬು ಗೆರೆಗಳಿರಬೇಕಾದ ಜಾಗದಲ್ಲಿ ಕಂದು ಬಣ್ಣದ ಚೌಕಗಳು ಮೂಡಿದವು. ಅಂಗಡಿಯವನಿಗೆ ಗೊತ್ತಿದ್ದದ್ದು ನಮ್ಮವರಿಗೆ ಗೊತ್ತಿರಲಿಲ್ಲ.

ಸಂಘಟಕರೂ ಕಡಿಮೆಯವರಲ್ಲ. ಉದ್ದ ಹಾಳೆ ಎಂದು ಸೂಚನೆ ಕಳುಹಿಸಿ, ಅಡ್ಡ ಹಲಗೆ ನಿಲ್ಲಿಸಿದ್ದರು. ಪೋಸ್ಟರಿನ ಕೆಳತುದಿ ಮೊಣಕಾಲಿನ ಹತ್ತಿರ ಜೋತಾಡುತ್ತಿತ್ತು. ವೀಕ್ಷಣೆಯ ಸಮಯವನ್ನು ಊಟದ ಹೊತ್ತಿಗೇ ಇಟ್ಟಿದ್ದರು. ಅಷ್ಟರ ನಡುವೆಯೂ ಸೋಮವಾರಪೇಟೆಯ ಕಡೆಯ ಹಿರಿಯ ಬೆಳೆಗಾರರೊಬ್ಬರು ಬಂದು, ಕನ್ನಡಕ ಏರಿಸಿ ಇಳಿಸಿ, ಎಲ್ಲಿಂದ ಓದಲು ಶುರುಮಾಡಬೇಕೆಂದು ತಿಳಿಯದೆ, "ಕಡೆಗೆ ಏನು ಮಾಡಬೇಕಂತೆ ಮಗಳೇ?" ಎಂದು ನನ್ನನ್ನೇ ಕೇಳಿದರು. ನಾನು ಎರಡು ವಾಕ್ಯದಲ್ಲಿ ಹೇಳಿದೆ, ಅವರಿಗೆ ತಿಳಿಯಿತು. ಆ ಎರಡು ವಾಕ್ಯಗಳೇ ನನ್ನ ಕರಡಿನ ನಟ್ಟನಡುವೆ ಇದ್ದವು!

ಬಹುಮಾನ ಬರಲಿಲ್ಲವೆಂದು ಹಿರಿಯರು ಈಗ ಮುನಿಸಿಕೊಂಡಿದ್ದಾರೆ. ಪೋಸ್ಟರಿನಲ್ಲಿ ಮಾಹಿತಿ ಸಾಲಲಿಲ್ಲವಂತೆ. ಮುಂದಿನ ಸಲ ಇನ್ನೂ ಎರಡು ಕೋಷ್ಟಕ ಸೇರಿಸಬೇಕಂತೆ.